ಎಕ್ಸ್‌ಟೆನ್ಷನ್ ಸೊಸೈಟಿ ಬಗ್ಗೆ ಥೀಸಿಸ್ ಬರೆಯೋಕೆ ಅವರ ಮ್ಯಾಗಜೀನ್ ಓದಿದ್ರೆ ಸಾಕಾ, ಹಳೇ ಪತ್ರಗಳ ಬಾಕ್ಸ್ ತೆಗೆಸಲೇಬೇಕಾ?

ಸಾಕಾಗಲ್ಲ, ತೆಗೆಸಲೇಬೇಕು. ನೀವು ಚಿಕಾಗೋದಲ್ಲಿ ಓದ್ತಿದೀರಿ, ಅಮೆರಿಕದ ಹಳ್ಳಿಗಾಡಿನ ಬಡ ಕ್ಯಾಥೊಲಿಕ್ ಚರ್ಚುಗಳ ಮೇಲೆ ಥೀಸಿಸ್, ಕ್ಯಾಥೊಲಿಕ್ ಚರ್ಚ್ ಎಕ್ಸ್‌ಟೆನ್ಷನ್ ಸೊಸೈಟಿಯ (ಇಂಥ ಚರ್ಚುಗಳಿಗೆ ದುಡ್ಡು ಕೊಡೋ ಸಂಸ್ಥೆ) ಹಳೇ ಮ್ಯಾಗಜೀನ್ ಸಂಚಿಕೆಗಳು ಕೈಯಲ್ಲಿವೆ, ಇನ್ನು ಲೊಯೋಲಾ ಯೂನಿವರ್ಸಿಟಿಯಲ್ಲಿರೋ ಅವರ ದಾಖಲೆ ನೋಡೋದು ಟೈಮ್ ವೇಸ್ಟಾ, ಒಂದು ಚಾರಿಟಿ ತಾನೇ ಕೂಡಿಟ್ಟ ಕಾಗದ ಅಂದ್ರೆ ಬರೀ ಸ್ವಂತ ಹೊಗಳಿಕೆ ಅಲ್ವಾ ಅಂತ ಕೇಳಿದೀರಿ. ಕೆಲವು ವರ್ಷದ ಹಿಂದೆ ನಾನೂ ಇದೇ ಊರಲ್ಲಿ ಇದೇ ವಿಷಯ ಹಿಡ್ಕೊಂಡು ಇದೇ ಥರ ಯೋಚ್ನೆ ಮಾಡ್ತಿದ್ದೆ, ಅದಕ್ಕೇ ಉದ್ದ ಬರೀತಿದೀನಿ, ದಯವಿಟ್ಟು ಪೂರ್ತಿ ಓದಿ.

ನನ್ನ ವಿಷಯ ಸೌತ್ ಡಕೋಟಾ. ಅದರಲ್ಲೂ ಮಿಸೌರಿ ನದಿಯ ಪಶ್ಚಿಮದ ಅರ್ಧ, ಬ್ಲ್ಯಾಕ್ ಹಿಲ್ಸ್ ಬೆಟ್ಟಗಳು, ಚಿನ್ನದ ಗಣಿ, ಆ ಕಡೆ ಹುಲ್ಲುಗಾವಲು, ಮಧ್ಯದಲ್ಲಿ ಲಕೋಟಾ ಅನ್ನೋ ಮೂಲನಿವಾಸಿ ಜನರಿಗೆ ಮೀಸಲಿಟ್ಟ ಜಮೀನು, ಅಂದ್ರೆ ರಿಸರ್ವೇಷನ್‌ಗಳು. 1904ರಲ್ಲಿ ಸರ್ಕಾರ ರೋಸ್‌ಬಡ್ ರಿಸರ್ವೇಷನ್ನಿನ ಒಂದು ಭಾಗವನ್ನ ಲಾಟರಿ ಎತ್ತಿ ಹೊರಗಿನಿಂದ ಬಂದ ರೈತರಿಗೆ ಹಂಚಿಬಿಟ್ಟಿತ್ತು, ಆಮೇಲೆ ಅಲ್ಲಿ ಮರದ ಹಲಗೆಯ ಮನೆಗಳ ಹೊಸ ಹೊಸ ಊರು ಎದ್ದವು. ಹಂಗೆ ಬಂದು ನೆಲೆ ನಿಂತ ಜನಕ್ಕೆ ಚರ್ಚು ಕಟ್ಟಿಸಿಕೊಟ್ಟಿದ್ದು ಯಾರು, ದುಡ್ಡು ಎಲ್ಲಿಂದ ಬಂತು ಅನ್ನೋದು ನನ್ನ ಪ್ರಶ್ನೆ.

ಎಕ್ಸ್‌ಟೆನ್ಷನ್ ಸೊಸೈಟಿ ಹುಟ್ಟಿದ್ದೂ ಆ ಕಾಲದಲ್ಲೇ. ಫ್ರಾನ್ಸಿಸ್ ಕ್ಲೆಮೆಂಟ್ ಕೆಲ್ಲಿ ಅಂತ, ಮಿಶಿಗನ್ನಿನ ಲಪೀರ್ ಅನ್ನೋ ಸಣ್ಣ ಊರಿನ ಫಾದರ್, ಹುಟ್ಟಿದ್ದು ಕೆನಡಾದ ಪ್ರಿನ್ಸ್ ಎಡ್ವರ್ಡ್ ಐಲೆಂಡಲ್ಲಿ. ತನ್ನ ಚರ್ಚಿನ ಸಾಲ ತೀರ್ಸೋಕೆ ಊರೂರು ಸುತ್ತಿ ಭಾಷಣ ಮಾಡ್ತಿದ್ರು, ಹಂಗೆ ಸುತ್ತೋವಾಗ ಪಶ್ಚಿಮದ ಬಯಲಲ್ಲಿ ಗುಡಿಸಲಂಥ ಮನೇಲಿ ಒಬ್ಬೊಬ್ರೇ ಬದುಕ್ತಿದ್ದ ಪಾದ್ರಿಗಳನ್ನ ಕಣ್ಣಾರೆ ನೋಡಿದ್ರು. ಆ ಬಗ್ಗೆ ಲೇಖನ ಬರೆದ್ರು, 1905ರ ಅಕ್ಟೋಬರ್ 18ಕ್ಕೆ ಚಿಕಾಗೋ ಆರ್ಚ್‌ಬಿಷಪ್ ಕ್ವಿಗ್ಲಿಯವರ ಮನೇಲಿ ಸಭೆ ಸೇರಿ ಸೊಸೈಟಿ ಶುರು ಮಾಡಿದ್ರು. ಮಾರನೇ ವರ್ಷವೇ ಮ್ಯಾಗಜೀನ್. ಅಲ್ಲಿವರೆಗೆ ಅಮೆರಿಕದ ಕ್ಯಾಥೊಲಿಕ್ ಮಿಷನ್ನಿಗೆ ಹೊರಗಿನ ದುಡ್ಡು ಅಂತ ಬರ್ತಿದ್ದದ್ದು ಹೆಚ್ಚಾಗಿ ಯುರೋಪಿಂದ, ಫ್ರಾನ್ಸಿನ ಲಿಯೋನ್, ವಿಯೆನ್ನಾ, ಮ್ಯೂನಿಕ್ಕಿನ ಸಂಘಗಳಿಂದ. 1908ರಲ್ಲಂತೂ ಹತ್ತನೇ ಪಿಯುಸ್ ಪೋಪ್ ಅಮೆರಿಕವನ್ನ ಮಿಷನ್ ದೇಶಗಳ ಪಟ್ಟಿಯಿಂದಲೇ ತೆಗೆದ್ರು. ಅಂದ್ರೆ ರೋಮಿನ ಲೆಕ್ಕದಲ್ಲಿ ಇದು ಇನ್ನು ಮಿಷನ್ ನೆಲ ಅಲ್ಲ, ಆದ್ರೆ ಡಕೋಟಾದಲ್ಲಿ ಪೂಜೆಗೆ ಸೂರಿಲ್ಲ. ನಿಮ್ಮ ಥೀಸಿಸ್ಸಿನ ಜೀವ ಇರೋದು ಈ ಸಂದಿಯಲ್ಲಿ ಅಂತ ನನಗನಿಸುತ್ತೆ, ಮ್ಯಾಗಜೀನ್ ಹಿಡ್ಕೊಂಡು ಕೂತ್ರೆ ಅದು ಕೈಗೆ ಸಿಗಲ್ಲ.

ಈಗ ನಾನು ಎಡವಿದ್ದು ಎಲ್ಲಿ ಅಂತ ಹೇಳ್ತೀನಿ. ಸೊಸೈಟಿಯ ಪತ್ರವ್ಯವಹಾರ ನೋಡೋಕೆ ಡಯೋಸಿಸ್ಸೇ (ಅಂದ್ರೆ ಒಬ್ಬ ಬಿಷಪ್ಪರ ಕೈಕೆಳಗಿನ ಧರ್ಮಪ್ರಾಂತ್ಯ) ಬಾಗಿಲು, ಅದರ ಹೆಸರಿಂದಲೇ ಹುಡುಕಬೇಕು. ಯಾಕೆ ಅಂದ್ರೆ ಸಹಾಯ ಕೇಳ್ತಿದ್ದದ್ದು ಬಿಷಪ್ಪರ ಮೂಲಕ, ಊರಿನ ಪಾದ್ರಿ ಬರೆದ್ರೂ ಬಿಷಪ್ಪರ ಒಪ್ಪಿಗೆ ಬೇಕು. ಇದು ನನಗೆ ಗೊತ್ತಿತ್ತು. ಮ್ಯಾಪ್ ತೆಗೆದು ನೋಡ್ದೆ, ಪಶ್ಚಿಮ ಸೌತ್ ಡಕೋಟಾ ಪೂರ್ತಿ ರ್‍ಯಾಪಿಡ್ ಸಿಟಿ ಡಯೋಸಿಸ್. ಸರಿ, ರ್‍ಯಾಪಿಡ್ ಸಿಟಿ ಅಂತ ಸ್ಲಿಪ್ಪಲ್ಲಿ ಬರೆದುಕೊಟ್ಟೆ. ಬಂದ ಕಾಗದ ಎಲ್ಲಾ 1930ರಿಂದ ಈಚೆಗಿನವು. ಬರಗಾಲದ ವರ್ಷಗಳು, ಓದಿದ್ರೆ ಹೊಟ್ಟೆ ಹಿಂಡುತ್ತೆ, ನಾನು ಅದರಲ್ಲೇ ಮುಳುಗಿಹೋದೆ. 1930ಕ್ಕೆ ಮುಂಚಿನ ಒಂದೇ ಒಂದು ಪತ್ರ ಯಾಕಿಲ್ಲ ಅಂತ ತಲೆಗೆ ಬಂತು, ಬರ್ಲಿಲ್ಲ ಅಂತಲ್ಲ, ಆದ್ರೆ ಅದಕ್ಕೆ ನಾನೇ ಒಂದು ಉತ್ತರ ಕಟ್ಕೊಂಡುಬಿಟ್ಟೆ: ಮೊದಲ ಕಾಲು ಶತಮಾನ ಸೊಸೈಟಿ ಆ ಕಡೆ ತಿರುಗಿಯೂ ನೋಡಿಲ್ಲ, ಮ್ಯಾಗಜೀನಲ್ಲಿ ಪಶ್ಚಿಮ ಪಶ್ಚಿಮ ಅಂತ ಬಾಯಿ ಬಡ್ಕೊಂಡ್ರೂ ದುಡ್ಡು ಬೇರೆ ಕಡೆ ಹೋಗಿದೆ ಅಂತ. ಅದು ಎಷ್ಟು ಚೆನ್ನಾಗಿ ಕೂತಿತ್ತು ಅಂದ್ರೆ ಒಂದು ಇಡೀ ಅಧ್ಯಾಯ ಅದರ ಮೇಲೇ ನಿಲ್ಸಿದೆ, ಮ್ಯಾಗಜೀನ್ ಒಂದು ಹೇಳುತ್ತೆ, ಫೈಲ್ ಇನ್ನೊಂದು ಹೇಳುತ್ತೆ ಅಂತ.

ಅಧ್ಯಾಯವನ್ನ ಡಿಪಾರ್ಟ್‌ಮೆಂಟಿನ ಸೆಮಿನಾರಲ್ಲಿ ಓದ್ದೆ. ಹಿಂದೆ ಕೂತಿದ್ದ ವಯಸ್ಸಾದ ಒಬ್ಬ ಸಿಸ್ಟರ್, ಆ ಕಡೆಯವರೇ, ಮೆಲ್ಲಗೆ ಕೇಳಿದ್ರು, ನೀವು ಲೀಡ್ ನೋಡಿದ್ರಾ ಅಂತ.

ಲೀಡ್ ಅನ್ನೋದು ಬ್ಲ್ಯಾಕ್ ಹಿಲ್ಸ್ ಒಳಗಿನ ಗಣಿ ಊರು, ಹೋಮ್‌ಸ್ಟೇಕ್ ಅನ್ನೋ ದೊಡ್ಡ ಚಿನ್ನದ ಗಣಿ ಇದ್ದದ್ದು ಅಲ್ಲೇ. 1902ರಲ್ಲಿ ಪಶ್ಚಿಮ ಸೌತ್ ಡಕೋಟಾಕ್ಕೆ ಬೇರೆ ಡಯೋಸಿಸ್ ಮಾಡಿದಾಗ ಬಿಷಪ್ಪರ ಪೀಠ ಇಟ್ಟಿದ್ದು ಲೀಡಲ್ಲಿ. ಹಾಗಾಗಿ ಅದು ಲೀಡ್ ಡಯೋಸಿಸ್. 1930ರಲ್ಲಿ ಪೀಠ ರ್‍ಯಾಪಿಡ್ ಸಿಟಿಗೆ ಬಂತು, ಹೆಸರೂ ಬದಲಾಯ್ತು. ಸೊಸೈಟಿ ಶುರುವಾದ 1905ರಿಂದ 1930ರವರೆಗೆ, ನನ್ನ ಥೀಸಿಸ್ಸಿನ ಅರ್ಧಕ್ಕಿಂತ ಜಾಸ್ತಿ ಕಾಲ, ನಾನು ಬರೆದುಕೊಟ್ಟ ಹೆಸರಿನ ಡಯೋಸಿಸ್ಸೇ ಭೂಮಿ ಮೇಲೆ ಇರ್ಲಿಲ್ಲ. ಇಲ್ಲದ ಹೆಸರಿಗೆ ಯಾರು ಪತ್ರ ಬರೀತಾರೆ? ನಮ್ಮೂರಿನ ಲೆಕ್ಕದಲ್ಲಿ ಹೇಳೋದಾದ್ರೆ, ಕಲ್ಯಾಣಪುರದ ಮಿಲಾಗ್ರಿಸ್ ಚರ್ಚಿನ 1950ರ ಕಾಗದವನ್ನ ಉಡುಪಿ ಧರ್ಮಪ್ರಾಂತ್ಯದ ಹೆಸರಲ್ಲಿ ಹುಡುಕಿದ ಹಾಗೆ. ಉಡುಪಿ ಧರ್ಮಪ್ರಾಂತ್ಯ ಆಗಿದ್ದೇ 2012ರಲ್ಲಿ, ಅಲ್ಲಿವರೆಗೆ ಎಲ್ಲ ಮಂಗಳೂರು. ಕರಾವಳಿಯವನಾಗಿ ಇದು ನನಗೆ ಹೇಳದೇನೇ ಗೊತ್ತಿರೋ ವಿಷಯ, ಆದ್ರೆ ಡಕೋಟಾಕ್ಕೆ ಹೋದಾಗ ತಲೆ ಓಡ್ಲಿಲ್ಲ.

ಇದನ್ನ ಬಿಡಿಸಿ ಹೇಳೋಕೆ ಕಾರಣ ಇದೆ. ಹುಡುಕಿದ್ದು ಸಿಗದೇ ಇದ್ರೆ ಅದೇನು ದೊಡ್ಡ ನಷ್ಟ ಅಲ್ಲ, ಮತ್ತೆ ಹೋಗಿ ಕೇಳ್ಬಹುದು. ನನಗೆ ಹೊಡೆತ ಬಿದ್ದಿದ್ದು ಬೇರೆ ಕಡೆ: ಸಿಗಲಿಲ್ಲ ಅನ್ನೋದನ್ನ ಇರ್ಲಿಲ್ಲ ಅಂತ ಓದ್ಕೊಂಡೆ. ಅಲ್ಲಿ ಪಾದ್ರಿಗಳು ಬರೆದಿದ್ರು, ಕೇಳಿದ್ರು, ಕೆಲವರಿಗೆ ಸಿಕ್ಕಿತ್ತು, ಕೆಲವರಿಗೆ ಸಿಕ್ಕಿರ್ಲಿಲ್ಲ, ಅವರನ್ನೆಲ್ಲ ನಾನು ಒಂದು ವಾಕ್ಯದಲ್ಲಿ ಅಳಿಸಿಹಾಕಿ, ಮೇಲಿಂದ ಸೊಸೈಟಿಯ ಮೇಲೆ ಸುಳ್ಳು ಆರೋಪ ಹೊರಿಸಿದ್ದೆ. ಅಧ್ಯಾಯ ಪೂರ್ತಿ ಹೋಯ್ತು, ಒಂದು ಸೆಮಿಸ್ಟರ್ ಹೋಯ್ತು, ಆ ಸೆಮಿಸ್ಟರಿನ ಫಂಡಿಂಗೂ ಹೋಯ್ತು, ಮನೆಗೆ ಫೋನ್ ಮಾಡಿ ಅಪ್ಪನ ಹತ್ರ ದುಡ್ಡು ಕೇಳ್ಬೇಕಾಯ್ತು. ಸಿಸ್ಟರ್ ಆ ದಿನ ಬರದೇ ಇದ್ದಿದ್ರೆ ಹಂಗೇ ಪ್ರಿಂಟ್ ಆಗ್ತಿತ್ತು ಅಂತ ನೆನೆಸಿಕೊಂಡ್ರೆ ಈಗಲೂ ಭಯ ಆಗುತ್ತೆ.

ಹಾಗಾಗಿ ಮೊದಲ ಕೆಲಸ, ನಿಮ್ಮ ಪ್ರದೇಶದ ಡಯೋಸಿಸ್‌ಗಳಿಗೆ ವರ್ಷವಾರು ಒಂದು ಪಟ್ಟಿ ಮಾಡ್ಕೊಳ್ಳಿ, ಯಾವ ವರ್ಷ ಯಾವ ಹೆಸರು, ಯಾವುದರಿಂದ ಯಾವುದು ಒಡೆದು ಬಂತು ಅಂತ. ಒಕ್ಲಹೋಮಾ ತಗೊಳ್ಳಿ, 1905ಕ್ಕೆ ಮುಂಚೆ ಅದು ಇಂಡಿಯನ್ ಟೆರಿಟರಿಯ ವಿಕಾರಿಯೇಟ್ (ಇನ್ನೂ ಡಯೋಸಿಸ್ ಆಗದ ಮಿಷನ್ ಪ್ರಾಂತ್ಯ), 1905ರಲ್ಲಿ ಒಕ್ಲಹೋಮಾ ಡಯೋಸಿಸ್, 1930ರಿಂದ ಒಕ್ಲಹೋಮಾ ಸಿಟಿ ಮತ್ತು ಟಲ್ಸಾ ಅಂತ ಜೋಡಿ ಹೆಸರು, 1972ರಲ್ಲಿ ಎರಡೂ ಬೇರೆ ಬೇರೆ. ಟಲ್ಸಾ ಅಂತ ಮಾತ್ರ ಹುಡುಕಿದ್ರೆ ಏನಾಗುತ್ತೆ ಅಂತ ಈಗ ನಿಮಗೇ ಗೊತ್ತಾಯ್ತಲ್ಲ. ಟೆಕ್ಸಸ್ಸಿನ ಕಾರ್ಪಸ್ ಕ್ರಿಸ್ಟಿಯೂ ಹಂಗೇ, 1912ಕ್ಕೆ ಮುಂಚೆ ಬ್ರೌನ್ಸ್‌ವಿಲ್ ವಿಕಾರಿಯೇಟ್. ಇದಕ್ಕೆ ಅಫಿಷಿಯಲ್ ಕ್ಯಾಥೊಲಿಕ್ ಡೈರೆಕ್ಟರಿಯ ಹಳೇ ಸಂಪುಟಗಳು ಬೇಕೇ ಬೇಕು. ಅದು ವರ್ಷ ವರ್ಷ ಬರೋ ಪುಸ್ತಕ, ಪ್ರತಿ ಡಯೋಸಿಸ್ಸಿನ ಚರ್ಚು, ಪಾದ್ರಿ, ಖಾಯಂ ಪಾದ್ರಿ ಇಲ್ಲದ ಸಣ್ಣ ಮಿಷನ್‌ಗಳು ಎಲ್ಲಾ ಇರುತ್ತೆ. ಊರಿನ ಹೆಸರು, ಪಾದ್ರಿ ಹೆಸರು ಎರಡನ್ನೂ ಬರ್ಕೊಳ್ಳಿ, ಚರ್ಚಿನ ಹೆಸರೊಂದನ್ನೇ ನಂಬಬೇಡಿ, ದುಡ್ಡು ಕೊಟ್ಟವರ ಇಷ್ಟದ ಸಂತರ ಹೆಸರನ್ನ ಚಾಪೆಲ್ಲಿಗೆ ಇಡೋದು ರೂಢಿಯಲ್ಲಿತ್ತು.

ಇನ್ನು ನಿಮ್ಮ ಎರಡನೇ ಮಾತು, ಚಾರಿಟಿ ದಾಖಲೆ ಅಂದ್ರೆ ಅವರ ಹೊಗಳಿಕೆ ಅಂತ. ಇದನ್ನ ನಾನು ಒಪ್ಪಲ್ಲ. ಹೊಗಳಿಕೆ ಇರೋದು ಮ್ಯಾಗಜೀನಲ್ಲಿ, ಅದರ ಕೆಲಸವೇ ಚಿಕಾಗೋ ಬೋಸ್ಟನ್ನಿನ ಓದುಗರ ಕೈಯಿಂದ ದುಡ್ಡು ಬಿಡಿಸೋದು, ಅದಕ್ಕೆ ತಕ್ಕ ಹಾಗೆ ಕಥೆ ಆರಿಸಿ ಹಾಕ್ತಾರೆ. ಪತ್ರದ ಬಾಕ್ಸಲ್ಲಿ ಇರೋದು ಹೆಚ್ಚಿನ ಪಾಲು ಹೊರಗಿನಿಂದ ಬಂದ ಕಾಗದ, ಸೊಸೈಟಿಯವರ ಕೈಬರಹವೇ ಅಲ್ಲ. ಎಷ್ಟು ಕುಟುಂಬ ಇದಾವೆ, ಈಗ ಪೂಜೆ ಎಲ್ಲಿ ನಡೆಯುತ್ತೆ, ಊರವರು ಎಷ್ಟು ಹಾಕ್ತಾರೆ, ಸಾಲ ಎಷ್ಟು, ಇಂಥ ಮಾತುಗಳು. ಬೇಡುವವನು ಕಷ್ಟವನ್ನ ಸ್ವಲ್ಪ ದೊಡ್ಡದು ಮಾಡಿ ಬರೆದಿರ್ತಾನೆ, ಅದನ್ನ ಮನಸ್ಸಲ್ಲಿ ಇಟ್ಕೊಂಡೇ ಓದ್ಬೇಕು. ಆದ್ರೂ ಒಂದು ಊರಿನ ಪಾದ್ರಿ ತನ್ನ ಜನದ ಬಗ್ಗೆ ಇಷ್ಟು ನೇರವಾಗಿ ಬರೆದಿರೋದು ಬೇರೆ ಕಡೆ ಸಿಗೋದು ಕಷ್ಟ. ಚರ್ಚಿನ ರಿಜಿಸ್ಟರಲ್ಲಿ ಜ್ಞಾನಸ್ನಾನ, ಮದುವೆ, ಸಾವಿನ ತಾರೀಖು ಸಿಗುತ್ತೆ, ಛಾವಣಿ ಸೋರ್ತಿತ್ತು ಅಂತ ಸಿಗಲ್ಲ.

ರೈಲು ಚಾಪೆಲ್ಲುಗಳ ಬಗ್ಗೆಯೂ ಬರೀಬೇಕು ಅಂತಿದೀರಿ. ಎಲ್ಲರೂ ಅದಕ್ಕೇ ಮನಸೋಲ್ತಾರೆ, ನಾನೂ ಸೋತಿದ್ದೆ. ಬ್ಯಾಪ್ಟಿಸ್ಟರ ಹತ್ರ ಇಂಥ ಗಾಡಿಗಳು 1890ರ ದಶಕದಿಂದಲೇ ಇದ್ವು, 1904ರ ಸೇಂಟ್ ಲೂಯಿ ಮಹಾ ಪ್ರದರ್ಶನದಲ್ಲಿ ಅಂಥದ್ದೊಂದನ್ನ ಕೆಲ್ಲಿ ನೋಡಿದ್ರು. ಆಮೇಲೆ ಸೊಸೈಟಿಯದ್ದೇ ಗಾಡಿಗಳು ಬಂದ್ವು, 1907ರಲ್ಲಿ ಸೇಂಟ್ ಆಂಥೋನಿ ಅನ್ನೋ ಗಾಡಿ, 1912ರಲ್ಲಿ ಸೇಂಟ್ ಪೀಟರ್, 1915ರಲ್ಲಿ ಸೇಂಟ್ ಪಾಲ್. ಕೊನೆಯ ಎರಡಕ್ಕೆ ದುಡ್ಡು ಕೊಟ್ಟಿದ್ದು ಓಹಾಯೋದ ಡೇಟನ್ನಿನ ಪೀಟರ್ ಕುಂಟ್ಜ್. ಬೋಗಿ ಒಳಗೇ ಬಲಿಪೀಠ, ಬೆಂಚು, ಪಾದ್ರಿ ಮಲಗೋಕೆ ಜಾಗ, ಚರ್ಚಿಲ್ಲದ ಊರಿನ ಸ್ಟೇಷನಲ್ಲಿ ಪಕ್ಕದ ಹಳಿಗೆ ನಿಲ್ಸಿ ಪೂಜೆ. ಫೋಟೋ ಅದ್ಭುತ, ಖಂಡಿತ ಹಾಕಿ. ಆದ್ರೆ ಗಾಡಿ ಮುಂದಿನ ಊರಿಗೆ ಹೋದ ಮೇಲೆ ಈ ಊರಲ್ಲಿ ಏನಾಯ್ತು, ಚಾಪೆಲ್ ಎದ್ದಿತಾ ಇಲ್ವಾ ಅನ್ನೋದೇ ಮುಖ್ಯ ಪ್ರಶ್ನೆ, ಅದಕ್ಕೆ ಉತ್ತರ ಆ ಡಯೋಸಿಸ್ಸಿನ ಪತ್ರಗಳಲ್ಲಿ ಹುಡುಕಿ.

ಇನ್ನೊಂದು ವಿಷಯ, ನನಗೆ ತುಂಬಾ ತಡವಾಗಿ ಗೊತ್ತಾಗಿದ್ದು. ಒಂದೇ ಚಾರಿಟಿಯ ದಾಖಲೆಯಿಂದ ಒಂದು ಪ್ರದೇಶದ ಕಥೆ ಹೇಳಬೇಡಿ. ಪಶ್ಚಿಮ ಸೌತ್ ಡಕೋಟಾದಲ್ಲಿ ಕ್ಯಾಥೊಲಿಕ್ ಅಂದ್ರೆ ವಲಸೆ ರೈತರು ಮಾತ್ರ ಅಲ್ಲ. ರೋಸ್‌ಬಡ್‌ನಲ್ಲಿ 1886ರಿಂದ ಸೇಂಟ್ ಫ್ರಾನ್ಸಿಸ್ ಮಿಷನ್, ಪೈನ್ ರಿಡ್ಜ್ ಅನ್ನೋ ಇನ್ನೊಂದು ಲಕೋಟಾ ರಿಸರ್ವೇಷನಲ್ಲಿ 1888ರಿಂದ ಹೋಲಿ ರೋಸರಿ, ಎರಡೂ ಜೆಸ್ವಿಟರದ್ದು, ಎರಡಕ್ಕೂ ಕ್ಯಾಥರೀನ್ ಡ್ರೆಕ್ಸೆಲ್ ಅವರ ಹಣ ಬಂದಿತ್ತು, 2000ದಲ್ಲಿ ಸಂತಪದವಿ ಸಿಕ್ತಲ್ಲ ಅವರೇ. ಆ ಮಿಷನ್‌ಗಳ ಕಾಗದ, ಬ್ಯೂರೋ ಆಫ್ ಕ್ಯಾಥೊಲಿಕ್ ಇಂಡಿಯನ್ ಮಿಷನ್ಸ್ ಅನ್ನೋ 1874ರ ಸಂಸ್ಥೆಯ ಕಾಗದ, ಇವೆಲ್ಲ ಇರೋದು ಮಿಲ್ವಾಕಿಯ ಮಾರ್ಕೆಟ್ (Marquette) ಯೂನಿವರ್ಸಿಟಿಯಲ್ಲಿ. ಚಿಕಾಗೋದಿಂದ ಟ್ರೇನಲ್ಲಿ ಒಂದೂವರೆ ಗಂಟೆ ದಾರಿ. ಒಂದು ಕಡೆ ಜಮೀನು ಪಡೆದವರ ಚರ್ಚಿನ ಅರ್ಜಿ, ಇನ್ನೊಂದು ಕಡೆ ಜಮೀನು ಕಳ್ಕೊಂಡವರ ಮಕ್ಕಳ ಬೋರ್ಡಿಂಗ್ ಸ್ಕೂಲಿನ ಲೆಕ್ಕ, ಇವೆರಡೂ ಒಂದೇ ಥೀಸಿಸ್ಸಲ್ಲಿ ಎದುರುಬದುರು ಕೂರ್ಬೇಕು. ನನ್ನ ಮೊದಲ ಡ್ರಾಫ್ಟಲ್ಲಿ ಲಕೋಟಾ ಜನ ಇರ್ಲೇ ಇಲ್ಲ, ಲೀಡಿನ ತಪ್ಪು ತಿದ್ದೋಕೆ ವಾಪಸ್ ಕೂತಾಗಲೇ ಅದು ಕಣ್ಣಿಗೆ ಬಿದ್ದಿದ್ದು.

ಮ್ಯಾಗಜೀನ್ ಓದಲೇಬೇಡಿ ಅಂತ ಅಲ್ಲ. ಪತ್ರ ಮೊದಲು, ಮ್ಯಾಗಜೀನ್ ಆಮೇಲೆ. ಮೊದಲೇ ಮ್ಯಾಗಜೀನ್ ಓದಿದ್ರೆ ಅದರ ಧಾಟಿ ನಿಮ್ಮ ಬರವಣಿಗೆಗೇ ಅಂಟ್ಕೊಳ್ಳುತ್ತೆ. ಕೆಲ್ಲಿಯವರ ಬಗ್ಗೆಯೂ ಅಷ್ಟೇ, ತುಂಬಾ ದೊಡ್ಡ ಮನುಷ್ಯ, 1914ರ ಹೊತ್ತಿಗೆ ಮೆಕ್ಸಿಕೋದಿಂದ ಓಡಿಬಂದ ಪಾದ್ರಿಗಳಿಗೆ, ಸೆಮಿನರಿ ಹುಡುಗರಿಗೆ ಟೆಕ್ಸಸ್ಸಲ್ಲಿ ನೆಲೆ ಮಾಡಿಕೊಟ್ರು, 1924ರಲ್ಲಿ ಒಕ್ಲಹೋಮಾ ಬಿಷಪ್ ಆದ್ರು, 1948ರಲ್ಲಿ ತೀರ್ಕೊಳ್ಳೋವರೆಗೂ ಅಲ್ಲೇ ಇದ್ರು. ಆದ್ರೆ ಅವರ ಸುತ್ತಲೇ ಥೀಸಿಸ್ ಹೆಣೆದ್ರೆ ಅರ್ಜಿ ಹಾಕಿದವರು ಮತ್ತೆ ಹಿನ್ನೆಲೆಗೆ ಹೋಗ್ತಾರೆ.

ಹೋಗೋ ಮುಂಚೆ ಆರ್ಕೈವ್ಸಿನವರಿಗೆ ಇಮೇಲ್ ಹಾಕಿ, ಯಾವ ವರ್ಷದಿಂದ ಯಾವ ವರ್ಷ, ಯಾವ ಡಯೋಸಿಸ್, ಅದರ ಹಳೇ ಹೆಸರೇನು ಎಲ್ಲಾ ಬರೀರಿ, ಅವರು ನಿಮಗಿಂತ ಚೆನ್ನಾಗಿ ಹುಡುಕಿಕೊಡ್ತಾರೆ, ನಾಚಿಕೆ ಬೇಡ, ನಾನು ನಾಚಿಕೊಂಡೇ ಕೆಟ್ಟಿದ್ದು. ಪೆನ್ಸಿಲ್ ತಗೊಂಡು ಹೋಗಿ, ಫೋಟೋ ತೆಗೆಯೋಕೆ ಬಿಡ್ತಾರಾ ಅಂತ ಮುಂಚೆನೇ ಕೇಳ್ಕೊಳ್ಳಿ, ತೆಗೆದ್ರೆ ಪ್ರತಿ ಫೋಟೋ ಜೊತೆ ಬಾಕ್ಸ್ ನಂಬರ್ ಫೋಲ್ಡರ್ ನಂಬರ್ ಬರೆದಿಡಿ. ನೀವು ಯಾವ ರಾಜ್ಯ ತಗೊಂಡಿದೀರಿ ಅಂತ ಪ್ರಶ್ನೆಯಲ್ಲಿ ಹೇಳಿಲ್ಲ. ಡಕೋಟಾ, ನೆಬ್ರಾಸ್ಕಾ, ಒಕ್ಲಹೋಮಾ ಈ ಮೂರರಲ್ಲಿ ಒಂದಾದ್ರೆ ಡಯೋಸಿಸ್ ಹೆಸರುಗಳ ವರ್ಷವಾರು ಪಟ್ಟಿ ನನ್ನ ಹತ್ರ ರೆಡಿ ಇದೆ, ಕಾಮೆಂಟಲ್ಲಿ ಹೇಳಿ, ಕಳಿಸ್ತೀನಿ.