ಮರುಭೂಮಿಯ ಉಪ್ಪುಕೆರೆಯಲ್ಲಿ ಕೀಟಗಳಿಗೆ ಹೆಚ್ಚು ಕಾಟ ಉಪ್ಪಿನದೋ, ಬಿಸಿಯದೋ?

ಎರಡನ್ನೂ ಬೇರೆ ಬೇರೆ ಇಟ್ಟು ನೋಡಿದರೆ ಉತ್ತರ ಸಿಗುವುದಿಲ್ಲ. ತನ್ನ ರಕ್ತಕ್ಕಿಂತ ಉಪ್ಪಾದ ನೀರಿನಲ್ಲಿರುವ ಮರಿಹುಳುವಿನ ಮೈಯಿಂದ ನೀರು ಹೊರಕ್ಕೆ ಸೋರುತ್ತಲೇ ಇರುತ್ತದೆ. ನಷ್ಟ ತುಂಬಿಕೊಳ್ಳಲು ಅನೇಕ ಜಾತಿಗಳು ಅದೇ ಉಪ್ಪುನೀರು ಕುಡಿದು, ಬೇಡದ ಲವಣವನ್ನು ಹೊರದೂಡುತ್ತವೆ. ಈ ಕೆಲಸಕ್ಕೆ ಶಕ್ತಿ ಬೇಕು, ಶಕ್ತಿಗೆ ಆಮ್ಲಜನಕ ಬೇಕು. ನೀರು ಕಾದಷ್ಟೂ ಹುಳುವಿಗೆ ಬೇಕಾದ ಆಮ್ಲಜನಕ ಹೆಚ್ಚುತ್ತದೆ, ನೀರಿನಲ್ಲಿ ಕರಗಿರುವುದು ಮಾತ್ರ ಕಡಿಮೆಯಾಗುತ್ತದೆ; ಉಪ್ಪು ಏರಿದರೂ ಹಾಗೆಯೇ. 20 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯ ಸಮುದ್ರದ ನೀರು ಹಿಡಿಯುವುದು ಸುಮಾರು 6. ಮೇಲೆ ಬಂದು ಗಾಳಿ ಎಳೆದುಕೊಳ್ಳುವ ಸೊಳ್ಳೆಮರಿಗೆ ಈ ಪೆಟ್ಟು ಅಷ್ಟು ತಟ್ಟುವುದಿಲ್ಲ.

ಕ್ಯಾಲಿಫೋರ್ನಿಯಾದ ಮೋನೋ ಕೆರೆಯ ಕ್ಷಾರನೊಣವನ್ನೇ ನೋಡಿ. 1941ರಲ್ಲಿ ಲಾಸ್ ಏಂಜಲೀಸ್ ನಗರ ಕೆರೆಗೆ ಸೇರುವ ಹಳ್ಳಗಳನ್ನು ತಿರುಗಿಸಿಕೊಳ್ಳತೊಡಗಿದಾಗ ಲೀಟರಿಗೆ ಸುಮಾರು 50 ಗ್ರಾಂ ಇದ್ದ ಲವಣ, 1982ರ ಹೊತ್ತಿಗೆ 99ರ ಹತ್ತಿರ ಬಂತು. ಸಮುದ್ರದಲ್ಲಿರುವುದೇ 35. ಉಪ್ಪು ಏರಿದರೆ ಈ ನೊಣದ ಮರಿ ನಿಧಾನವಾಗಿ ಬೆಳೆಯುತ್ತದೆ, ದೊಡ್ಡದಾದ ಮೇಲೂ ಮೈ ಸಣ್ಣದೇ. ಅಲ್ಲಿನ ನೀರಲ್ಲಿ ಕಾರ್ಬೊನೇಟೂ ವಿಪರೀತ. ಮರಿಯ ವಿಸರ್ಜನಾ ನಾಳಗಳಲ್ಲಿ ಒಂದು ಜೋಡಿ ಸುಣ್ಣದ ಗ್ರಂಥಿಯಾಗಿ ಮಾರ್ಪಟ್ಟು, ಕಾರ್ಬೊನೇಟನ್ನು ಸುಣ್ಣದ ಕಣಗಳಾಗಿ ಕಟ್ಟಿಡುತ್ತದೆ. ನನಗೆ ಇದಕ್ಕಿಂತ ಚೆಂದದ ಹೊಂದಾಣಿಕೆ ಇನ್ನೊಂದಿಲ್ಲ ಅನಿಸುತ್ತದೆ. ಹಾಗೆಂದು ಉಪ್ಪು ತೀರಾ ಇಳಿದರೂ ಇಂಥ ನೊಣಗಳಿಗೆ ಸುಖವಿಲ್ಲ: ಬೇಟೆಗಾರ ಕೀಟಗಳೂ ಪೈಪೋಟಿಗಾರರೂ ಬಂದು ಸೇರಿಕೊಳ್ಳುತ್ತವೆ.

ನೀವೇ ಪರೀಕ್ಷಿಸುವುದಾದರೆ ಅಡುಗೆ ಉಪ್ಪು ಕರಗಿಸಬೇಡಿ, ಅದರಲ್ಲಿ ಕೆರೆಯ ಕಾರ್ಬೊನೇಟ್, ಸಲ್ಫೇಟ್ ಇರುವುದಿಲ್ಲ. ಆ ಕೆರೆಯ ನೀರನ್ನೇ ಆರಿಸಿ ಗಾಢವಾಗಿಸಿ ಅಥವಾ ತೆಳುವಾಗಿಸಿ ಬಳಸಿ. ಹುಳುಗಳನ್ನು ಒಮ್ಮೆಲೇ ಗಾಢ ನೀರಿಗೆ ಹಾಕಿದರೆ ಸಾಯುವುದು ಆಘಾತದಿಂದ. ದಿನಗಳ ಅಂತರ ಕೊಟ್ಟು ಹಂತಹಂತವಾಗಿ ಏರಿಸಿ. ಬಿಸಿ ಜಾಡಿಯಲ್ಲಿ ನೀರು ಬೇಗ ಆರಿ, ಗೊತ್ತಾಗದಂತೆ ಉಪ್ಪು ಏರಿಬಿಡುತ್ತದೆ. ಮೊದಲ ದಿನವೇ ಮಟ್ಟಕ್ಕೆ ಗೆರೆ ಹಾಕಿ, ಆರಿದಷ್ಟನ್ನು ಡಿಸ್ಟಿಲ್ಡ್ ವಾಟರಿನಿಂದಲೇ ತುಂಬಿ. ಎಲ್ಲ ಜಾಡಿಗೂ ಗಾಳಿ ಊದಿಸಿ, ಇಲ್ಲದಿದ್ದರೆ ಆಮ್ಲಜನಕದ ಕೊರತೆಯನ್ನು ಉಪ್ಪಿನ ಲೆಕ್ಕಕ್ಕೆ ಬರೆಯುತ್ತೀರಿ.

ಅಳತೆಯಲ್ಲೂ ಬಿಸಿ ಮೋಸ ಮಾಡುತ್ತದೆ. ಉಪ್ಪಿನ ಮೀಟರ್ ಅಳೆಯುವುದು ನೀರಿನ ವಾಹಕತೆಯನ್ನು, ಅಂದರೆ ಅದು ವಿದ್ಯುತ್ತನ್ನು ಎಷ್ಟು ಹರಿಯಬಿಡುತ್ತದೆ ಎಂಬುದನ್ನು. ಅದು ಡಿಗ್ರಿಗೆ ಸುಮಾರು ಶೇಕಡಾ 2ರಷ್ಟು ಏರುವುದರಿಂದ, ಮೀಟರ್ 25 ಡಿಗ್ರಿಗೆ ಸರಿಹೊಂದಿಸಿದ ಓದು ಕೊಡುತ್ತಿದೆಯೇ ನೋಡಿಕೊಳ್ಳಿ. ಇಲ್ಲವಾದರೆ ಉಪ್ಪು ಅಷ್ಟೇ ಇದ್ದರೂ ಮಧ್ಯಾಹ್ನದ ನೀರು ಬೆಳಗಿನದಕ್ಕಿಂತ ಉಪ್ಪಾಗಿ ಕಾಣುತ್ತದೆ.