ಮಾಲ್ರೋ ಮೇಲಿನ ಸೆಮಿನಾರ್ ಬರಹ ಬರೀ ಹೊಗಳಿಕೆ ಆಗ್ತಿದೆ ಅಂದವರಿಗೆ

ಫ್ರಾನ್ಸಿನ ಸಂಸ್ಕೃತಿ ಮಂತ್ರಿಯಾಗಿದ್ದ ಆಂದ್ರೆ ಮಾಲ್ರೋ ಕಥೆಯನ್ನು ನೀವು ಅವರು ಮಂತ್ರಿಯಾದ 1959ರಿಂದ ಶುರು ಮಾಡಿರಬೇಕು, ಅದೇ ಕಾರಣ ಇರಬಹುದು. ನಿಮ್ಮ ಬರಹ ಪೂರ್ತಿ ನೋಡಿಲ್ಲ, ಆದರೆ ಇಲ್ಲಿ ಕಲಬುರಗಿಯಲ್ಲಿ ಹುಡುಗರ ಬರಹ ತಿದ್ದುವಾಗ ಜಾಸ್ತಿ ಕಾಣೋದು ಇದೇ.

ಮೊದಲು 1923ಕ್ಕೆ ಹೋಗಿ. ಕಾಂಬೋಡಿಯಾದ ಬಾಂತಿಯಾಯ್ ಸ್ರೇ ಗುಡಿಯ ಗೋಡೆಯಿಂದ ದೇವತೆಗಳ ಶಿಲ್ಪ ಕಿತ್ತು ಸಾಗಿಸುವಾಗ ಸಿಕ್ಕಿಬಿದ್ದರು, ಮರುವರ್ಷ ಜೈಲು ಶಿಕ್ಷೆ ಆಯ್ತು, ಮೇಲ್ಮನವಿಯಲ್ಲಿ ಅದು ಕಡಿಮೆಯಾಗಿ ಅಮಾನತಿನಲ್ಲಿ ಉಳೀತು, ಅಂದರೆ ಜೈಲಿಗೆ ಹೋಗಬೇಕಾಗಲಿಲ್ಲ. ನಮ್ಮ ಜಿಲ್ಲೆಯ ಸನ್ನತಿಯ ಹಳೇ ಬೌದ್ಧ ಶಿಲ್ಪದ ಕಲ್ಲನ್ನು ಯಾರಾದ್ರೂ ಹಾಗೆ ಒಯ್ದರೆ ಸುಮ್ನಿರ್ತೀವಾ? ಇದನ್ನು ಬಿಡಿಸಿ ಬರೆಯಿರಿ. ಆಮೇಲೆ ಹಳೇ ಬಡಾವಣೆಗಳನ್ನು ಉಳಿಸಲು ಮಂತ್ರಿಯಾಗಿ ಅವರು ತಂದ 1962ರ ಕಾನೂನು ಇಡಿ, ಅದು ನಿಜಕ್ಕೂ ದೊಡ್ಡ ಕೆಲಸ. ಕೊನೆಗೆ 1968ರಲ್ಲಿ ಪ್ಯಾರಿಸ್ಸಿನ ಸಿನಿಮಾ ಭಂಡಾರದ ಮುಖ್ಯಸ್ಥ ಹೆನ್ರಿ ಲಾಂಗ್ಲ್ವಾರನ್ನು ಮಾಲ್ರೋ ಇಲಾಖೆ ತೆಗೆದದ್ದು, ನಿರ್ದೇಶಕರು ಬೀದಿಗಿಳಿದ ಮೇಲೆ ವಾಪಸ್ ಕೂರಿಸಿದ್ದು.

ಸಮಯ ಕಮ್ಮಿ ಇದ್ರೆ 1923 ಮತ್ತು 1962 ಎರಡನ್ನೇ ಪಕ್ಕಪಕ್ಕ ಇಡಿ, ಸಾಕು.