ಹೊಸ ಪೋರ್ಟೋ ಹಳೆಯದೋ ಎನ್ನುವ ಮೊದಲು ಡಿಸ್ಟ್‌ಇನ್ಫೊ ನೋಡಿ

ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮಿಗೆ ಹೊಸ ಪೋರ್ಟ್ (ಅದರ ಮೇಲೆ ಒಂದು ತಂತ್ರಾಂಶವನ್ನು ಸ್ಥಾಪಿಸುವ ಸೂಚನೆಗಳ ಕಟ್ಟು) ಬರೆದುಕೊಡುವುದು ಮೇಲೋ, ಹೇಳುವವರು ಕೇಳುವವರಿಲ್ಲದೆ ಬಿದ್ದಿರುವ ಹಳೆಯದನ್ನು ವಹಿಸಿಕೊಳ್ಳುವುದು ಮೇಲೋ, ಮಂಡ್ಯದಲ್ಲಿ ಬಿ.ಇ. ಓದುತ್ತಿರುವ ನಿಮ್ಮ ರೆಸ್ಯೂಮೆಗೆ ಯಾವುದು ತೂಕ ಎಂದು ಕೇಳಿದ್ದೀರಿ. ನಾನೂ ಮೈಸೂರಿನಲ್ಲಿ ಓದುವಾಗ ಇದೇ ಲೆಕ್ಕ ಹಾಕಿ, ಬೇಗ ಹೆಸರು ಬರಲೆಂದು, ಒಮ್ಮೆಯೂ ಬಳಸಿರದ ಒಂದು ನಿಘಂಟು ತಂತ್ರಾಂಶದ ಪೋರ್ಟನ್ನು ಹಿಡಿದುಕೊಂಡೆ. ಅದರ ಬಿಲ್ಡ್ ಸೂಚನೆಗಳಿರುವ ಮೇಕ್‌ಫೈಲಿನಲ್ಲಿ ಮೇಂಟೇನರ್ (ಪೋರ್ಟನ್ನು ನೋಡಿಕೊಳ್ಳುವವರು) ಎಂಬ ಸಾಲಿನಲ್ಲಿದ್ದ ಸಾಮೂಹಿಕ ವಿಳಾಸವನ್ನು ಅಳಿಸಿ ನನ್ನ ಇಮೇಲ್ ಬರೆದು ದೋಷ ವರದಿಗಳ ತಾಣವಾದ ಬಗ್ಜಿಲಾದಲ್ಲಿ ಪ್ಯಾಚ್ (ಬದಲಾವಣೆಯ ಫೈಲ್) ಹಾಕಿದೆ. ಬದಲಾವಣೆ ಸೇರಿಸುವ ಅಧಿಕಾರವಿರುವ ಕಮಿಟರ್ ಒಬ್ಬರು ಅದನ್ನು ಸೇರಿಸಿದರು. ಹೆಸರು ಬಂದದ್ದು ಅಷ್ಟು ಸುಲಭವಾಗಿ.

ಪೋರ್ಟಿನೊಳಗೆ ತಂತ್ರಾಂಶದ ಮೂಲ ಕೋಡ್ ಇರುವುದಿಲ್ಲ. ಅದನ್ನು ಎಲ್ಲಿಂದ ತರಬೇಕು, ಹೇಗೆ ಬಿಲ್ಡ್ ಮಾಡಬೇಕು ಎಂಬ ಸೂಚನೆಗಳಿರುತ್ತವೆ. ತಂದ ಟಾರ್‌ಬಾಲ್ (ಮೂಲ ಕೋಡಿನ ಸಂಕುಚಿತ ಕಟ್ಟು) ಮೇಂಟೇನರ್ ಪರೀಕ್ಷಿಸಿದ್ದೇ ಹೌದೆಂದು ಖಾತ್ರಿಪಡಿಸಲು ಡಿಸ್ಟ್‌ಇನ್ಫೊ ಫೈಲಿನಲ್ಲಿ ಅದರ ಎಸ್‌ಎಚ್‌ಎ256 ಚೆಕ್‌ಸಮ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಮತ್ತು ಬೈಟುಗಳ ಲೆಕ್ಕದಲ್ಲಿ ಗಾತ್ರ ಬರೆದಿರುತ್ತದೆ. ನನ್ನ ಪೋರ್ಟಿನ ಚೆಕ್‌ಸಮ್ ತಾಳೆಯಾಗುತ್ತಿಲ್ಲವೆಂದು ಬಳಕೆದಾರರೊಬ್ಬರು ದೂರಿದರು. 2023ರ ಜನವರಿಯಲ್ಲಿ ಕೋಡ್ ಇಡುವ ತಾಣವಾದ ಗಿಟ್‌ಹಬ್ಬಿನ ಟಾರ್‌ಬಾಲುಗಳ ಸಂಕುಚನ ವಿಧಾನ ಬದಲಾಗಿ, ಒಳಗಿನ ಒಂದಕ್ಷರವೂ ಬದಲಾಗದೆ ಚೆಕ್‌ಸಮ್ ಮಾತ್ರ ಬದಲಾಗಿತ್ತು. ಗಲಾಟೆಯಾದ ಮೇಲೆ ಅದನ್ನು ಹಿಂತೆಗೆದುಕೊಂಡಿದ್ದರು. ಇದೂ ಅಂಥದ್ದೇ ಎಂದುಕೊಂಡ ನಾನು 'ಮೇಕ್ ಡಿಸ್ಟ್‌ಕ್ಲೀನ್' ಎಂದೆ, 'ಮೇಕ್ ಮೇಕ್‌ಸಮ್' ಎಂದೆ, ಬಿಲ್ಡ್ ಆಯಿತು, ಪ್ಯಾಚ್ ಕಳುಹಿಸಿದೆ.

ಇಲ್ಲಿ ಆದದ್ದನ್ನು ಬಿಡಿಸಿ ಹೇಳಬೇಕು. ಎರಡನೆಯ ಆದೇಶ ಈಗ ಸರ್ವರಿನಲ್ಲಿರುವ ಫೈಲ್ ಯಾವುದೇ ಇರಲಿ, ಅದನ್ನೇ ಸರಿಯೆಂದು ಬರೆದುಕೊಳ್ಳುತ್ತದೆ. ಬೀಗ ಹೊಂದದಿದ್ದಾಗ ಬಂದವನ ಕೀಲಿಗೆ ತಕ್ಕಂತೆ ಬೀಗವನ್ನೇ ಬದಲಾಯಿಸಿದ ಹಾಗೆ. ಮೊದಲನೆಯ ಆದೇಶ ಅದಕ್ಕೂ ಮುಂಚೆ ನನ್ನ ಬಳಿಯಿದ್ದ ಹಳೆಯ ಟಾರ್‌ಬಾಲನ್ನು ಅಳಿಸಿತ್ತು. ಹೀಗಾಗಿ ಹಳೆಯದಕ್ಕೂ ಹೊಸದಕ್ಕೂ ಏನು ವ್ಯತ್ಯಾಸವೆಂದು ಕಮಿಟರ್ ಒಂದೇ ಸಾಲಿನಲ್ಲಿ ಕೇಳಿದಾಗ ಹೋಲಿಸಲು ನನ್ನಲ್ಲಿ ಏನೂ ಇರಲಿಲ್ಲ. ಅವರೇ ಪ್ರತಿಗಳನ್ನಿಡುವ ಕನ್ನಡಿ (ಮಿರರ್) ಸರ್ವರಿನಿಂದ ಹಳೆಯದನ್ನು ತಂದು, ಎರಡನ್ನೂ ಬಿಚ್ಚಿ, ವ್ಯತ್ಯಾಸ ತೋರಿಸುವ 'ಡಿಫ್' ಹಾಕಿದರು. ಮೂಲ ಲೇಖಕರು ಆವೃತ್ತಿ ಸಂಖ್ಯೆ ಬದಲಿಸದೆ, ನಿಘಂಟುಗಳನ್ನು ಹುಡುಕುವ ಡೈರೆಕ್ಟರಿಯನ್ನೇ ಬದಲಿಸಿದ್ದರು. ನನ್ನ ಪ್ಯಾಚ್ ಹಾಗೆಯೇ ಸೇರಿದ್ದರೆ ಒಂದೇ ಸಂಖ್ಯೆಯ ಎರಡು ಪ್ಯಾಕೇಜುಗಳು ಬಳಕೆದಾರರ ಕೈಯಲ್ಲಿ ಎರಡು ರೀತಿ ನಡೆದುಕೊಳ್ಳುತ್ತಿದ್ದವು. ವ್ಯತ್ಯಾಸವನ್ನು ಓದಿ, ಅದನ್ನು ವರದಿಯಲ್ಲಿ ಬರೆದು, ಪೋರ್ಟ್‌ರಿವಿಷನ್ (ಪೋರ್ಟಿನದೇ ಪರಿಷ್ಕರಣೆ ಸಂಖ್ಯೆ) ಏರಿಸಿ, ಹೊಸ ಟಾರ್‌ಬಾಲಿಗೆ ಬೇರೆ ಉಪಡೈರೆಕ್ಟರಿ ಕೊಟ್ಟು, ಲೇಖಕರಿಗೂ ತಿಳಿಸಬೇಕಿತ್ತು. ಆ ಬಳಿಕ ನನ್ನ ಸಣ್ಣಪುಟ್ಟ ಪ್ಯಾಚುಗಳೂ ತಿಂಗಳುಗಟ್ಟಲೆ ಕಾದವು, ಕಾಯಬೇಕಾದದ್ದೇ. ನನ್ನದು ನಿರುಪದ್ರವಿ ಬದಲಾವಣೆಯಾಗಿತ್ತು ನಿಜ; ಆದರೆ ಎಕ್ಸ್‌ಝಡ್ ಎಂಬ ಸಂಕುಚನ ತಂತ್ರಾಂಶದಲ್ಲಿ 2024ರ ಮಾರ್ಚ್‌ನಲ್ಲಿ ಬಯಲಾದ ಹಿಂಬಾಗಿಲಿನ (ಕದ್ದು ಒಳನುಗ್ಗಲು ಅಡಗಿಸಿಟ್ಟ ಕೋಡಿನ) ಒಂದು ಮುಖ್ಯ ತುಣುಕು 5.6.0 ಮತ್ತು 5.6.1ರ ಟಾರ್‌ಬಾಲುಗಳಲ್ಲಿ ಇತ್ತು, ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಭಂಡಾರದಲ್ಲಿ ಇರಲಿಲ್ಲ.

ಆದ್ದರಿಂದ ಹೊಸದೋ ಹಳೆಯದೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ, ರೆಸ್ಯೂಮೆಯ ಮಾತನ್ನಂತೂ ಬಿಟ್ಟುಬಿಡಿ. ನೀವು ದಿನವೂ ಬಳಸುವ ತಂತ್ರಾಂಶ ಯಾವುದೋ ಅದರ ಪೋರ್ಟ್ ಹಿಡಿಯಿರಿ. ಅದು ಕೆಟ್ಟರೆ ಬೇರೆಯವರು ದೂರುವ ಮೊದಲೇ ನಿಮಗೆ ಗೊತ್ತಾಗುತ್ತದೆ, ನಿಘಂಟನ್ನೇ ತೆರೆಯದ ನನಗೆ ಗೊತ್ತಾಗಲಿಲ್ಲ. ಸಿ ಭಾಷೆ ಎಷ್ಟು ಬರಬೇಕೆಂಬ ಚಿಂತೆ ಆಮೇಲೆ ಮಾಡಬಹುದು, ಡಿಫ್ ಓದುವ ತಾಳ್ಮೆ ಈಗಲೇ ಬೇಕು. ಪ್ಯಾಚ್ ಕಳುಹಿಸುವ ಮುನ್ನ ಪೋರ್ಟುಗಳನ್ನು ಪರೀಕ್ಷಿಸುವ ಸಾಧನವಾದ ಪೌಡ್ರಿಯರ್‌ನಲ್ಲಿ ಬಿಲ್ಡ್ ಮಾಡಿ. ಅದು ಪ್ರತಿಸಲ ಖಾಲಿ ಜೈಲಿನಿಂದ (ಉಳಿದ ಸಿಸ್ಟಮಿನಿಂದ ಪ್ರತ್ಯೇಕಿಸಿದ ಪರಿಸರದಿಂದ) ಆರಂಭಿಸುವುದರಿಂದ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಮೊದಲೇ ಇದ್ದು ಮೇಕ್‌ಫೈಲಿನಲ್ಲಿ ಬರೆಯಲು ಮರೆತ ಲೈಬ್ರರಿಗಳು ಅಲ್ಲಿ ಸಿಕ್ಕಿಬೀಳುತ್ತವೆ. ಸೆಮಿಸ್ಟರ್ ಪರೀಕ್ಷೆಯ ನಡುವೆ ವರದಿ ಬಂದರೆ ಯಾವಾಗ ನೋಡುತ್ತೇನೆಂದು ಒಂದು ಸಾಲು ಬರೆದಿಡಿ. ಎರಡು ವಾರ ಸುಮ್ಮನಿದ್ದರೆ ಅದನ್ನು ಮೇಂಟೇನರ್ ಟೈಮ್‌ಔಟ್ ಎಂದು ಪರಿಗಣಿಸಿ, ಕಮಿಟರ್‌ಗಳು ನಿಮ್ಮ ಒಪ್ಪಿಗೆಗೆ ಕಾಯದೆ ಬದಲಾವಣೆಯನ್ನು ಸೇರಿಸಬಹುದು.